ಬಾಕಿ ಮೂವತ್ತೈದು ತಿಂಗಳ ಆಕಾಶ

ಮಾರ್ಚ್ ೩, ಮಂಗಳವಾರ

ಎಲೈ ದಿನಚರಿಯೇ, ಕಿವಿಗೊಟ್ಟು ಕೇಳು. ಇಂದು ಬೆಳಿಗ್ಗೆ ಹತ್ತೂವರೆಗೆ ನಾನು ಕೆಲಸ ಮಾಡುತ್ತಿದ್ದ ವಿಮಾನ ಕಂಪನಿ ತೀರಿಕೊಂಡಿತು. ಗುಡುಗಲಿಲ್ಲ, ಸಿಡಿಲು ಬೀಳಲಿಲ್ಲ, ಸಾಯುವ ಮುಂಚೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಫೋನಿಗೆ ಎರಡು ಸಾಲು ಬಂತು, ಅಷ್ಟೇ: ‘ಇಂದಿನಿಂದ ಎಲ್ಲ ಹಾರಾಟ ನಿಲ್ಲಿಸಲಾಗಿದೆ. ಸಮವಸ್ತ್ರವನ್ನು ಇಸ್ತ್ರಿ ಮಾಡಿ ಹಿಂದಿರುಗಿಸತಕ್ಕದ್ದು.’

ಇಸ್ತ್ರಿ ಮಾಡಿ, ಅಂತೆ.

ಕಂಪನಿ ಮುಚ್ಚುವುದು ನನಗೆ ಹೊಸದೇನಲ್ಲ. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಹುಟ್ಟಿದವಳು ನಾನು. ಅಪ್ಪ ಮೂವತ್ತು ವರ್ಷ ರಾಜನ ಪಾತ್ರ ಮಾಡಿದ. ಅಮ್ಮ ಆ ರಾಜನ ಪೋಷಾಕು ಹೊಲಿದಳು. ನಾನು ವೇಷದ ಪೆಟ್ಟಿಗೆಯಲ್ಲಿ ಮಲಗಿ, ಮಖಮಲ್ಲಿನ ವಾಸನೆ ಕುಡಿದು ಬೆಳೆದೆ. ಆ ಕಂಪನಿ ಮುಚ್ಚಿದ ದಿನ ಮಾಲೀಕ ವೇದಿಕೆಯ ನಟ್ಟನಡುವೆ ನಿಂತು ಒಂದು ಗಂಟೆ ಅತ್ತ. ಪರದೆ ಎಳೆಯುವವನಿಗೂ ಕೈಮುಗಿದ. ಮುಚ್ಚುವುದು ಎಂದರೆ ಹಾಗೆ ಮುಚ್ಚಬೇಕು.

ಎರಡು ವರ್ಷ ಒಂದು ತಿಂಗಳು ನಾನು ಎಪ್ಪತ್ತು ಸೀಟಿನ ವಿಮಾನದ ಬಲಗಡೆ ಕುರ್ಚಿಯಲ್ಲಿ ಕೂತು ಹಾರಿದೆ. ಎಡಗಡೆ ಕ್ಯಾಪ್ಟನ್, ಬಲಗಡೆ ನಾನು. ನಾನು ಮೈಕ್ ಹಿಡಿದು ಹವಾಮಾನ ಹೇಳಿದರೆ ಜನ ಚಪ್ಪಾಳೆ ತಟ್ಟಿದ್ದೂ ಉಂಟು. ಈಗ ಆಕಾಶಕ್ಕೆ ಕೆಂಪು ಪರದೆ ಬಿದ್ದಿದೆ.

ಹಾಸಿಗೆಯ ಮೇಲೆ ಕೂತು ಗಟ್ಟಿಯಾಗಿ ಅಳತೊಡಗಿದಾಗ ಹೊಲಿಗೆ ಯಂತ್ರದ ಹಿಂದಿನಿಂದ ಅಮ್ಮ ಹೇಳಿದಳು: “ಅಳ್ಬೇಕಾದ್ರೆ ಅಳು. ಆ ಬಿಳಿ ಬಟ್ಟೆ ಮೇಲೆ ಮಾತ್ರ ಅಳ್ಬೇಡ. ಹೋಟೆಲಿನವರ ಪರದೆ ಅದು.”

ಮಾರ್ಚ್ ೧೪, ಶನಿವಾರ

ಎರಡನೆಯ ಅಂಕ. ಪತ್ರದ ಪ್ರವೇಶ.

ಕಂಪನಿಯ ಬಾಗಿಲು ಮುಚ್ಚಿಸಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ್ದಾರಂತೆ. ಪತ್ರ ಅವರದು. ನನ್ನ ತರಬೇತಿಗೆ ಕಂಪನಿ ದುಡ್ಡು ಹಾಕಿತ್ತು. ಬದಲಿಗೆ ಐದು ವರ್ಷ ಹಾರುತ್ತೇನೆಂದು ನಾನು ಬಾಂಡ್ ಬರೆದುಕೊಟ್ಟಿದ್ದೆ. ಹಾರಿದ್ದು ಇಪ್ಪತ್ತೈದು ತಿಂಗಳು. ಉಳಿದ ಮೂವತ್ತೈದು ತಿಂಗಳಿಗೆ ಸಮನಾದ ತರಬೇತಿ ವೆಚ್ಚವನ್ನು ಹಿಂದಿರುಗಿಸಬೇಕು. ಅಲ್ಲಿಯವರೆಗೆ ತರಬೇತಿಯ ಮೂಲ ದಾಖಲೆಗಳು ಅವರ ಬೀರುವಿನಲ್ಲಿ. ಆ ದಾಖಲೆ ಇಲ್ಲದೆ ಯಾವ ಕಂಪನಿಯೂ ನನ್ನನ್ನು ವಿಮಾನದ ಮೆಟ್ಟಿಲು ಹತ್ತಿಸುವುದಿಲ್ಲ. ಅಷ್ಟು ದುಡ್ಡು ನಾವು ಮೂವರೂ ಸೇರಿ ಕಂಡಿದ್ದಿಲ್ಲ.

ನಾನು ಬಿಟ್ಟು ಹೋದೆನೇ? ಬಿಟ್ಟು ಹೋದದ್ದು ಅವರು. ಕೈಬಿಟ್ಟವರೇ ಬಾಗಿಲಿಗೆ ಬಂದು ದಂಡ ಕೇಳುವ ದೃಶ್ಯವನ್ನು ಬರೆದ ನಾಟಕಕಾರನನ್ನು ನಮ್ಮ ಮಾಲೀಕ ಊಟವಿಲ್ಲದೆ ಕಳಿಸುತ್ತಿದ್ದ.

ಅಪ್ಪ ಪತ್ರವನ್ನು ದರ್ಬಾರಿನ ದನಿಯಲ್ಲಿ ಓದಲು ಶುರುಮಾಡಿದ. ‘ಜಾಮೀನುದಾರರಾದ ತಾವು’ ಎಂಬಲ್ಲಿಗೆ ಬಂದಾಗ ದನಿ ಇಳಿಯಿತು. ಜಾಮೀನುದಾರ ಅವನೇ.

ಮಾರ್ಚ್ ೧೫, ಭಾನುವಾರ

ಮಲಗಿದ್ದೆ. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಹಾರಲು ಪ್ರಶಸ್ತವಾದ ದಿನ.

ಮಾರ್ಚ್ ೨೭, ಶುಕ್ರವಾರ

ಇಂದು ಹಾರಿದೆವು. ಹೇಗೆಂದು ಹೇಳುತ್ತೇನೆ.

ತರಬೇತಿಯ ಕಾಲದಲ್ಲಿ ನಮಗೆಲ್ಲ ಕಾಕ್‌ಪಿಟ್‌ನ ಚಿತ್ರ ಕೊಡುತ್ತಾರೆ. ಪೂರ್ತಿ ಅಳತೆಯ ಕಾಗದ, ಒಂದೊಂದು ಗುಂಡಿಯೂ ತನ್ನ ಜಾಗದಲ್ಲಿ. ಅದನ್ನು ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಬೆರಳಿನಿಂದ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಬೇಕು. ಕೋಟಿ ಬೆಲೆಯ ವಿಮಾನ ಓಡಿಸುವವರೆಲ್ಲ ಮೊದಲು ಅಡುಗೆಮನೆಯ ಕುರ್ಚಿ ಓಡಿಸಿದವರೇ. ಮಂಚದ ಕೆಳಗೆ ಸುತ್ತಿಟ್ಟಿದ್ದ ನನ್ನ ಚಿತ್ರವನ್ನು ಇವತ್ತು ಬಟ್ಟೆ ಬೀರುವಿನ ಎರಡೂ ಬಾಗಿಲಿಗೆ ಅಂಟಿಸಿದೆ. ಚಕ್ರ ಇಳಿಸುವ ಹಿಡಿಯ ಜಾಗದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ.

ಇದಕ್ಕೊಂದು ಕಾರಣವೂ ಇದೆ. ತೊಂಬತ್ತು ದಿನದಲ್ಲಿ ಮೂರು ಸಲ ಏರಿ ಮೂರು ಸಲ ಇಳಿಯದ ಪೈಲಟ್‌ನನ್ನು ಕಾನೂನು ನಂಬುವುದಿಲ್ಲ. ಮತ್ತೆ ಸಿಮ್ಯುಲೇಟರ್ ಎಂಬ ನಕಲಿ ಕಾಕ್‌ಪಿಟ್‌ನಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಅದರ ಖರ್ಚೂ ಕಡಿಮೆಯಲ್ಲ. ನಾನು ಕೊನೆಯ ಸಲ ಇಳಿದದ್ದು ಫೆಬ್ರವರಿ ಇಪ್ಪತ್ತೇಳಕ್ಕೆ. ಮೇ ಇಪ್ಪತ್ತೆಂಟಕ್ಕೆ ತೊಂಬತ್ತು. ಕಾಗದದ ಹಾರಾಟ ಆ ಲೆಕ್ಕಕ್ಕೆ ಬರುವುದಿಲ್ಲ. ಕೈಗಳಾದರೂ ಮರೆಯದಿರಲಿ ಎಂದು.

ಅಪ್ಪ ಎಡಗಡೆ ಕುರ್ಚಿಯಲ್ಲಿ ಕೂತ. ರಾಜನಾಗಿ ಸಾಕಾಗಿತ್ತು, ಕ್ಯಾಪ್ಟನ್ ಆಗಿ ನೋಡೋಣ ಎಂದ. ಸುತ್ತಲೂ ಅಮ್ಮ ಹೊಲಿದು ತೂಗುಹಾಕಿದ್ದ ಹೋಟೆಲಿನ ಪರದೆಗಳು, ಎಲ್ಲ ಬಿಳಿ, ಎಲ್ಲ ತೆಳು. ಕಿಟಕಿ ತೆರೆದೆ. ಗಾಳಿ ಬಂದು ಅವೆಲ್ಲ ಒಟ್ಟಿಗೆ ಉಬ್ಬಿದವು, ನಾವು ಮೋಡದೊಳಗೆ ನುಗ್ಗಿದೆವು. ನೆಲದ ಹಳೆಯ ಹಾಸುಗಲ್ಲು ಬಹಳ ಕೆಳಗೆ, ಹೊಲಗಳ ಹಾಗೆ ಚೌಕ ಚೌಕವಾಗಿ ಹಿಂದಕ್ಕೆ ಸರಿಯುತ್ತಿತ್ತು.

“ಇಳಿದ್ಮೇಲೆ ಹೇಳಿ,” ಅಮ್ಮ ಪರದೆಯಾಚೆಯಿಂದ ಅಂದಳು. “ಟೀ ಸೋಸ್ತೀನಿ.”

ಏಪ್ರಿಲ್ ೮, ಬುಧವಾರ

ಹದಿಮೂರು ದಿನ, ಹದಿಮೂರು ಊರು. ಎಲ್ಲಿಗೆ ಹೋಗಬೇಕೆಂಬುದು ಅಪ್ಪನ ಆಯ್ಕೆ. ಎಲ್ಲವೂ ನಮ್ಮ ನಾಟಕದ ಡೇರೆ ಬಿದ್ದಿದ್ದ ಊರುಗಳೇ. ಗಿರಣಿಯ ಚಿಮಣಿ ಇದ್ದ ಊರು. ಪ್ರೇಕ್ಷಕರು ಕೆಮ್ಮುತ್ತಲೇ ನಗುತ್ತಿದ್ದ ಊರು. ಎರಡನೆಯ ಅಂಕದ ಹೊತ್ತಿಗೆ ನದಿ ಏರಿ, ಸಿಂಹಾಸನ ತೇಲಿಹೋದ ಊರು.

“ಆ ಸಿಂಹಾಸನ ಕಾಣುತ್ತಾ ನೋಡು,” ಎಂದ ಅಪ್ಪ, ಮೂವತ್ತು ಡಿಗ್ರಿ ಎಡಕ್ಕೆ ವಾಲಿ.

ನೋಡಿದೆ. ಸುಳ್ಳು ಹೇಳುವುದಿಲ್ಲ, ಕಾಣಿಸಿತು. ಸಮುದ್ರದ ಬಾಯಲ್ಲಿ, ಬಹಳ ಸಣ್ಣದಾಗಿ, ಕೆಂಪು ಮಖಮಲ್ಲು ಬಿಸಿಲಿಗೆ ಒಣಗುತ್ತಿತ್ತು.

ಅಪ್ಪನ ಜ್ಞಾಪಕಶಕ್ತಿಗೆ ಎಂಬತ್ತು ಪುಟದ ನಾಟಕವೇ ಸಾಲುತ್ತಿರಲಿಲ್ಲ. ಇನ್ನು ಚೆಕ್‌ಲಿಸ್ಟ್ ಯಾವ ಲೆಕ್ಕ. ನಾನು ಒಂದೊಂದೇ ಅಂಶ ಓದಬೇಕು, ಕ್ಯಾಪ್ಟನ್ ಅದನ್ನು ನೋಡಿ ಉತ್ತರ ಕೊಡಬೇಕು. ಅಪ್ಪನಿಗೆ ಎಲ್ಲ ಬಾಯಿಪಾಠ. ನಾನು ‘ಇಂಧನ’ ಎನ್ನುವಷ್ಟರಲ್ಲಿ ‘ಸಾಕಷ್ಟಿದೆ’ ಎಂದು ಸಭಾಂಗಣದ ಕೊನೆಯ ಸಾಲಿಗೂ ಕೇಳುವಂತೆ ಹೇಳಿಬಿಡುತ್ತಾನೆ. ಪಕ್ಕದ ಮನೆಯವರು ನಮಗೆ ಏನೋ ಆಸ್ತಿ ಬಂದಿದೆ ಅಂದುಕೊಂಡಿರಬೇಕು.

ಏಪ್ರಿಲ್ ೯, ಗುರುವಾರ

ಅಪಘಾತ.

ಇಳಿಯುತ್ತಿದ್ದೆವು. ಪರದೆಗಳು ಇಬ್ಬದಿಗೆ ಸರಿದು ಬಿಸಿಲಿನ ಒಂದು ಪಟ್ಟಿ ರನ್‌ವೇಯಂತೆ ನೆಲದ ಮೇಲೆ ಬಿದ್ದಿತ್ತು. ನಾನು ಅದನ್ನೇ ನೋಡುತ್ತಾ ಎಲ್ಲೋ ಇದ್ದೆ. ಬಾಯಿ ಮಾತ್ರ ಓದುತ್ತಿತ್ತು.

“ಚಕ್ರ?”

“ಕೆಳಗಿದೆ. ಮೂರೂ ಹಸಿರು,” ಎಂದ ಅಪ್ಪ. ಆ ಮೂರು ಹಸಿರು ದೀಪ ಉರಿದರೆ ಚಕ್ರಗಳು ಗಟ್ಟಿಯಾಗಿ ಕೂತಿವೆ ಎಂದರ್ಥ.

ಇಳಿದಾದ ಮೇಲೆ ನೋಡಿದರೆ ಕ್ಲಿಪ್ಪು ಮೇಲೇ ಇದೆ. ಇಳಿಸಬೇಕಾದವಳು ನಾನು, ಇಳಿಸಿಲ್ಲ. ನೋಡಬೇಕಾದವನು ಅವನು, ನೋಡಿಲ್ಲ. ಎಪ್ಪತ್ತು ಜನರನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಬಂದು ಬೀರುವಿನ ಮುಂದೆ ನಿಲ್ಲಿಸಿದ್ದೆವು.

ನಾನು ಕೂಗಾಡಿದೆ. ಗೊತ್ತಿರುವ ಮಾತಾದರೂ ನೋಡಿಯೇ ಹೇಳಬೇಕು, ಇದು ನಾಟಕವಲ್ಲ, ಬಾಯಿಪಾಠ ಇಲ್ಲಿ ಜನರನ್ನು ಕೊಲ್ಲುತ್ತದೆ ಎಂದೆ. ತಪ್ಪಿನಲ್ಲಿ ಅರ್ಧ ನನ್ನದು ಎಂಬುದಕ್ಕೇ ದನಿ ಇಮ್ಮಡಿಯಾಗಿತ್ತು. ಅಮ್ಮನ ಯಂತ್ರ ನಿಂತಿತು.

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. “ಮಗಳೇ, ಒಂದು ಕೇಳ್ತೀನಿ. ಆ ಬಾಂಡಿಗೆ ಸಹಿ ಹಾಕ್ದಾಗ ನೀನು ನೋಡಿದ್ಯಾ?”

ನಾನು ಕ್ಲಿಪ್ಪನ್ನು ಕೆಳಕ್ಕೆ ಸರಿಸಿದೆ.

“ನಾನೂ ನೋಡ್ಲಿಲ್ಲ. ಐದು ವರ್ಷ ಹಾರಿದ್ರೆ ಸಾಲ ತೀರ್ತು ಅಂತ ಅವ್ರು ಹೇಳಿದ್ರು. ಆ ಮಾತು ಚೆನ್ನಾಗಿತ್ತು. ಬಾಯಿಪಾಠ ಆಗ್ಹೋಯ್ತು. ಪೆನ್ನು ಕೊಟ್ರು, ಹಾಕ್ದೆ. ಸಹಿ ಕೆಳಗೆ ಎರಡು ಗೆರೆ ಬೇರೆ ಎಳ್ದೆ.”

ಟೀ ಆರಿಹೋಯಿತು.

ಏಪ್ರಿಲ್ ೧೧, ಶನಿವಾರ

ಇಂದು ಹಾರಲಿಲ್ಲ. ಅವೇ ಕುರ್ಚಿಗಳಲ್ಲಿ ಕೂತು ಬಾಂಡನ್ನು ಓದಿದೆವು. ಮೂವತ್ತೆಂಟು ಪುಟ. ನಾನು ಒಂದು ಸಾಲು ಓದುವುದು, ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ‘ನೋಡ್ದೆ’ ಎನ್ನುವುದು. ಬೆರಳಿಡದೆ ನೋಡಿದೆ ಎನ್ನುವಂತಿಲ್ಲ. ಊಟದವರೆಗೆ ಹನ್ನೊಂದು ಪುಟ ಆಯಿತು.

ನಾವು ಗೆಲ್ಲುವ ಸಾಲು ಎಲ್ಲೋ ಅಡಗಿದೆ ಎಂದು ನಂಬಿದ್ದೆ. ನಾಟಕದಲ್ಲಾದರೆ ಇರುತ್ತಿತ್ತು. ಇಪ್ಪತ್ತಾರನೆಯ ಪುಟದಲ್ಲಿ ಸಿಕ್ಕಿದ್ದು ಇದು: ‘ಯಾವುದೇ ಕಾರಣದಿಂದ ಸೇವೆ ನಿಂತುಹೋದಲ್ಲಿ.’ ಯಾವುದೇ ಕಾರಣ. ಅದರಲ್ಲಿ ಅವರೂ ಸೇರಿದರು. ಎರಡು ವರ್ಷದಿಂದ ಮಂಚದ ಕೆಳಗೆ ಮಲಗಿದ್ದ ಎರಡು ಪದ.

“ನಮ್ ಪರವಾಗಿ ಒಂದ್ ಸಾಲೂ ಇಲ್ವಾ?” ಎಂದು ಅಮ್ಮ ಕೇಳಿದಳು.

“ಇದೆ,” ಎಂದ ಅಪ್ಪ. “ತರಬೇತಿ ಸಮಯದಲ್ಲಿ ಮಧ್ಯಾಹ್ನದ ಊಟ ಉಚಿತ.”

ಅಮ್ಮ ನಗು ತಡೆಯಲಾರದೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಕೈಗೆ ಉಗುಳಿಕೊಂಡಳು. ಆಮೇಲೆ ನಾವು ಮೂವರೂ ಬಹಳ ಹೊತ್ತು ನಕ್ಕೆವು. ಯಾಕೋ ಹಗುರವೆನಿಸಿತು. ಕೆಟ್ಟ ಹವಾಮಾನವೇ ಆದರೂ ಎಲ್ಲಿ, ಎಷ್ಟು ಎತ್ತರಕ್ಕೆ ಇದೆ ಎಂದು ಗೊತ್ತಾದಾಗ ಆಗುವ ಹಾಗೆ.

ಏಪ್ರಿಲ್ ೨೦, ಸೋಮವಾರ

ಮುಚ್ಚಿಸುವ ಅಧಿಕಾರಿಯನ್ನು ಕಂಡು ಬಂದೆ. ಅವರ ಕಚೇರಿಯ ಪಡಸಾಲೆಯಲ್ಲಿ ನಮ್ಮ ವಿಮಾನದಿಂದ ಕಿತ್ತ ಸೀಟುಗಳನ್ನು ಮಾರಾಟಕ್ಕೆ ಸಾಲಾಗಿ ಇಟ್ಟಿದ್ದರು. ಕಾಯುವವರು ಅವುಗಳ ಮೇಲೇ ಕೂರಬೇಕು. ನಾನು ಕಿಟಕಿ ಪಕ್ಕದ ಸೀಟು ಹಿಡಿದು, ಅಭ್ಯಾಸಬಲದಿಂದ ಬೆಲ್ಟ್ ಹಾಕಿಕೊಂಡೆ. ಕಿಟಕಿ ಇರಬೇಕಾದಲ್ಲಿ ಗೋಡೆ. ಗೋಡೆಯ ಸುಣ್ಣ ಎದ್ದ ಜಾಗವನ್ನು ನೋಡುತ್ತಾ ಕೂತರೆ ನಿಧಾನಕ್ಕೆ ಅದು ದ್ವೀಪವಾಯಿತು, ಸುತ್ತ ನೀರಾಯಿತು, ದಡದಲ್ಲಿ ಯಾರೋ ಕೈಬೀಸಿದರು. ಹೆಸರು ಕರೆದಾಗ ಬೆಲ್ಟ್ ಬಿಚ್ಚುವುದು ಮರೆತು ಎದ್ದೆ.

ಅಧಿಕಾರಿ ಎಂದರೆ ಖಳನಾಯಕ ಅಂದುಕೊಂಡಿದ್ದೆ. ನೆಗಡಿಯಾದ ಒಬ್ಬ ಹೆಂಗಸು. ನನ್ನ ಭಾಷಣವನ್ನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದೆ. ಅವರು ಮೂಗೊರೆಸುತ್ತಾ ಕಾಯುತ್ತಿದ್ದುದನ್ನು ನೋಡಿ ಅದು ಬೇಡವೆನಿಸಿ, ಇಪ್ಪತ್ತಾರನೆಯ ಪುಟ ತೆಗೆದು ತೋರಿಸಿದೆ. ಇದನ್ನು ಓದಿದ್ದೇನೆ, ಈಗ ದಾರಿ ಏನು ಎಂದಷ್ಟೇ ಕೇಳಿದೆ.

“ನಿಮ್ ಜೊತೆ ನಂಗೆ ಜಗಳ ಇಲ್ಲಮ್ಮ,” ಎಂದರು. “ನಾನು ಬಾಗಿಲು ಮುಚ್ಚೋಕೆ ಬಂದವಳು. ಒಳಗೆ ಯಾರ್ ಕೈ ಸಿಕ್ಕಿಕೊಂಡಿದೆ ಅಂತ ನೋಡೋ ಅಧಿಕಾರ ನನಗೆ ಕೊಟ್ಟಿಲ್ಲ.”

ಒಂದೇ ದಾರಿ ಇದೆಯಂತೆ. ಸರಕು ಸಾಗಿಸುವ ಒಂದು ವಿಮಾನ ಕಂಪನಿ ನಮ್ಮಂಥವರ ಬಾಕಿಯನ್ನು ತಾನೇ ಕಟ್ಟಿ, ದಾಖಲೆ ಬಿಡಿಸಿಕೊಂಡು, ಕೆಲಸಕ್ಕೆ ತೆಗೆದುಕೊಳ್ಳುತ್ತಿದೆ. ಬದಲಿಗೆ ಅವರಿಗೆ ಹೊಸ ಬಾಂಡ್.

ಮೇ ೪, ಸೋಮವಾರ

ಗೊರಕೆ ಫೋನ್ ಮಾಡಿದ್ದ. ನಮ್ಮ ತರಬೇತಿಯ ತಂಡದವನು. ಪಾಠ ನಡೆಯುವಾಗಲೆಲ್ಲ ನಿದ್ದೆ ಹೊಡೆದು ಆ ಹೆಸರು ಗಳಿಸಿದ. ಸರಕು ಕಂಪನಿಗೆ ಸೇರಿದನಂತೆ. ಐದು ವರ್ಷದ ಬಾಂಡ್.

“ಎಷ್ಟು ಪುಟ ಇತ್ತೋ?” ಎಂದೆ.

“ಯಾರಿಗ್ಗೊತ್ತು. ದಪ್ಪ ಇತ್ತು. ನೀನೂ ಬೇಗ ಬಾರೆ, ಇನ್ನು ಎರಡೇ ಜಾಗ ಇರೋದು.”

ಮೇ ೧೩, ಬುಧವಾರ

ಸರಕು ಕಂಪನಿಯ ಕಚೇರಿಗೆ ಹತ್ತಕ್ಕೆ ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಕೊನೆಯ ಪುಟ ತೆರೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಪೆನ್ನು ಮುಂದಿಟ್ಟರು. ನಾನು ಮೊದಲಿಂದ ಓದುತ್ತೇನೆ ಎಂದೆ. ಓದಿ ಓದಿ ಎಂದು ಎದ್ದುಹೋದರು. ನಲವತ್ತೊಂದು ಪುಟ. ಅವರು ಮೂರು ಸಲ ಬಂದು ಇಣುಕಿದರು. ಹೊರಗೆ ನಾನು ಹಾರಿಸುತ್ತಿದ್ದ ಮಾದರಿಯದೇ ಒಂದು ಸರಕು ವಿಮಾನ ನಿಂತಿತ್ತು, ಹೊಟ್ಟೆ ತೆರೆದುಕೊಂಡು. ಒಂದೊಂದು ಪುಟ ಮಗುಚಿದಾಗಲೂ ಅದು ಇನ್ನೂ ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ.

ಇಪ್ಪತ್ಮೂರನೆಯ ಪುಟದಲ್ಲಿ ಅದೇ ಎರಡು ಪದ ಸಿಕ್ಕಿತು. ಊರು ಬದಲಾಯಿಸಿದರೂ ಅದೇ ವೇಷ.

ಅದರ ಕೆಳಗೆ ಒಂದು ಸಾಲು ಸೇರಿಸಬೇಕು ಎಂದೆ: ಕಂಪನಿ ತಾನಾಗಿ ಮುಚ್ಚಿದರೆ ಪೈಲಟ್ ಮೇಲೆ ಬಾಕಿ ಇರುವುದಿಲ್ಲ. ಮ್ಯಾನೇಜರ್ ಮುಂದಕ್ಕೆ ಬಗ್ಗಿ ಇನ್ನೊಮ್ಮೆ ಹೇಳಿ ಎಂದರು. ಕೇಳಿಸಲಿಲ್ಲವಂತೆ.

ಹೇಳಿದೆ.

“ಇದುವರೆಗೆ ಯಾರೂ ಕೇಳಿಲ್ಲ ಮೇಡಂ,” ಎಂದು ತಲೆ ಕೆರೆದುಕೊಂಡರು. “ಮೇಲಿನವರನ್ನ ಕೇಳ್ಬೇಕು. ವಾರ ಆಗುತ್ತೋ ತಿಂಗಳಾಗುತ್ತೋ. ನಿಮ್ ತೊಂಬತ್ತು ದಿನ ಇನ್ನೇನು ಮುಗಿಯುತ್ತೆ. ಇವತ್ತೇ ಸಹಿ ಹಾಕಿದ್ರೆ ಶುಕ್ರವಾರ ಹಾರ್ತೀರಿ. ಇಲ್ದಿದ್ರೆ ಪರೀಕ್ಷೆ ಖರ್ಚು ನಿಮ್ಮದೇ. ಅಷ್ಟರಲ್ಲಿ ಜಾಗ ತುಂಬಿದ್ರೆ ನನ್ನ ಕೇಳ್ಬೇಡಿ.”

ಶುಕ್ರವಾರ. ನಾಡಿದ್ದು. ಪೆನ್ನು ಕೈಯಲ್ಲೇ ಇತ್ತು, ಸ್ವಲ್ಪ ಬೆಚ್ಚಗಾಗಿತ್ತು. ಅದನ್ನು ಮೇಜಿನ ಮೇಲೆ ಇಟ್ಟು ಬಂದೆ.

ಮೇ ೨೦, ಬುಧವಾರ

ಯಾಕೆ ಇಟ್ಟು ಬಂದೆನೋ.

ಮೇ ೨೮, ಗುರುವಾರ

ತೊಂಬತ್ತು.

ಉತ್ತರ ಬಂದಿಲ್ಲ. ಬೆಳಿಗ್ಗೆ ಅಪ್ಪ, ಈಗಲೂ ಹೋಗಿ ಸಹಿ ಹಾಕಿಬಿಡು, ಮುಚ್ಚಿದಾಗ ನೋಡಿಕೊಳ್ಳೋಣ, ನಾನಿದ್ದೇನಲ್ಲ ಎಂದ. ಅವನಿರುವುದಕ್ಕೇ ಹಾಕುತ್ತಿಲ್ಲ ಎಂದು ನಾನು ಹೇಳಲಿಲ್ಲ. ಹೊಸ ಕಾಗದದಲ್ಲೂ ಜಾಮೀನುದಾರ ಅವನೇ. ನಾಲ್ಕು ವರ್ಷದ ನಂತರ ಅಂಥದ್ದೇ ಪತ್ರ ಬಂದರೆ ಅವನಿಗೆ ಎಪ್ಪತ್ತನಾಲ್ಕು.

ಮಧ್ಯಾಹ್ನ ಕುರ್ಚಿಗಳಲ್ಲಿ ಕೂತೆವು. ಹೋಟೆಲಿನ ಬಿಳಿ ಪರದೆಗಳು ಹೋಗಿ ಈಗ ಯಾವುದೋ ಮದುವೆ ಮಂಟಪದ ತಿಳಿನೀಲಿ ಪರದೆಗಳು ಬಂದಿವೆ. ಕಿಟಕಿ ತೆರೆದಾಗ ಕೋಣೆಯ ತುಂಬ ಎತ್ತರದ ಆಕಾಶ. ಮೂರು ಸಲ ಏರಿದೆವು, ಮೂರು ಸಲ ಇಳಿದೆವು. ಯಾವ ಪುಸ್ತಕವೂ ಬರೆದುಕೊಳ್ಳದ ಮೂರು. ಅಪ್ಪ ಪ್ರತಿಯೊಂದಕ್ಕೂ ಕುತ್ತಿಗೆ ಬಗ್ಗಿಸಿ, ಬೆರಳು ಮುಟ್ಟಿಸಿ, ಮೆಲ್ಲಗೆ ಉತ್ತರ ಕೊಟ್ಟ. ಮೂರನೆಯ ಸಲ ಕೆಳಗಿಳಿಯಲು ನಮ್ಮಿಬ್ಬರಿಗೂ ಮನಸ್ಸಿರಲಿಲ್ಲ. ನೀಲಿಯಲ್ಲಿ ಬಹಳ ಹೊತ್ತು ಸುತ್ತಿದೆವು. ಅಮ್ಮನೂ ಬಂದು ಹಿಂದಿನ ಸ್ಟೂಲಿನ ಮೇಲೆ ಕೂತಳು. ಎಲ್ಲಿಗೆ ಎಂದು ಕೇಳಲಿಲ್ಲ. ಸೂಜಿಗೆ ನೂಲು ಪೋಣಿಸುತ್ತಾ ಕೂತಿದ್ದಳು.

ಜೂನ್ ೩, ಬುಧವಾರ

ಮ್ಯಾನೇಜರ್ ಫೋನ್ ಮಾಡಿದರು. ಮೇಲಿನವರು ಒಪ್ಪಿದ್ದಾರೆ. ಸಾಲು ಸೇರಿಸುತ್ತಾರೆ. ಆದರೆ ಐದು ವರ್ಷ ಅಲ್ಲ, ಆರು. ಪರೀಕ್ಷೆಯ ಖರ್ಚು ನನ್ನದು, ಸಂಬಳದಲ್ಲಿ ಹಿಡಿಯುತ್ತಾರೆ. ಯೋಚಿಸಿ ಹೇಳಿ ಎಂದರು.

ಒಂದು ವರ್ಷ ಜಾಸ್ತಿ. ತಟ್ಟೆಯ ಮುಂದೆ ಕೂತು ಯೋಚಿಸಿದೆ. ಒಂದು ವರ್ಷವೆಂದರೆ ನಾಲ್ಕೈದು ನೂರು ಸಲ ಏರಿ ಇಳಿಯುವುದು. ಅದನ್ನು ಶಿಕ್ಷೆ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ಕಾಗದ ಕಳಿಸಿ, ಓದಿ ಹೇಳುತ್ತೇನೆ ಎಂದೆ.

ಜೂನ್ ೮, ಸೋಮವಾರ

ಅಪ್ಪನನ್ನು ಕರೆದುಕೊಂಡು ಹೋದೆ. ಅವನು ಹಳೆಯ ಕೋಟು ಹಾಕಿದ್ದ. ಮ್ಯಾನೇಜರ್ ಪರಿಚಯ ಮಾಡಿಕೊಂಡರು. ನಾಟಕದವರು ಎಂದು ತಿಳಿದು ಖುಷಿಪಟ್ಟರು. ಒಂದು ಡೈಲಾಗು ಹೇಳಿ ಸಾರ್ ಎಂದರು. ಆಮೇಲೆ ಹೇಳ್ತೀನಿ ಎಂದ ಅಪ್ಪ.

ನಾನು ಮನೆಯಲ್ಲಿ ಎರಡು ಸಲ ಓದಿ ತಂದಿದ್ದೆ. ಇದೇ ಕಾಗದವೇ ಎಂದು ಪುಟ ಪುಟ ಹೋಲಿಸಿ ಸಹಿ ಹಾಕಿದೆ. ಆಮೇಲೆ ಜಾಮೀನುದಾರರ ಸರದಿ. ಮ್ಯಾನೇಜರ್ ಕೊನೆಯ ಪುಟ ತೆರೆದು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. “ಇಲ್ಲಿ ಸಾರ್. ಗುರುತು ಹಾಕಿದೀನಿ.”

ಅಪ್ಪ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಕನ್ನಡಕ ಹಾಕಿಕೊಂಡ. ಕಟ್ಟನ್ನು ತನ್ನತ್ತ ತಿರುಗಿಸಿ ಮೊದಲನೆಯ ಪುಟ ತೆರೆದು, ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದಲು ಶುರುಮಾಡಿದ.

ರಾಜನ ದನಿಯಲ್ಲ. ಈ ದನಿ ನಾನು ಮೊದಲು ಕೇಳಿರಲಿಲ್ಲ. ಎಡವದೆ, ಅವಸರಿಸದೆ, ಒಂದೊಂದು ಮಾತಿನ ಮೇಲೂ ಕಾಲಿಟ್ಟು ನೋಡಿ ಮುಂದೆ ಹೋಗುವ ದನಿ. ಮ್ಯಾನೇಜರ್ ಮೊದಲು ನಕ್ಕರು. ಆಮೇಲೆ ಗಡಿಯಾರ ನೋಡಿದರು. ಆರನೆಯ ಪುಟಕ್ಕೆ ಕೂತರು. ಹತ್ತನೆಯ ಪುಟಕ್ಕೆ ನೀರು ತರಿಸಿದರು, ಅಪ್ಪನಿಗೆ ಒಂದು ಲೋಟ, ತಮಗೆ ಎರಡು. ಕಿಟಕಿಯಾಚೆ ಬಿಸಿಲು ವಿಮಾನದ ಬೆನ್ನಿನ ಮೇಲೆ ನಿಧಾನಕ್ಕೆ ಜಾರುತ್ತಿತ್ತು. ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಎಂಬ ಒಣ ಮಾತುಗಳೆಲ್ಲ ಅವನ ಬಾಯಲ್ಲಿ ಹಾದು ಬಂದು ಕೋಣೆಯಲ್ಲಿ ತೇಲುತ್ತಿದ್ದವು. ಪಕ್ಕದ ಮೇಜುಗಳಲ್ಲಿ ಬೆರಳಚ್ಚು ನಿಂತಿತ್ತು.

ಇಪ್ಪತ್ಮೂರನೆಯ ಪುಟ. ‘ಕಂಪನಿಯು ತಾನಾಗಿ ಮುಚ್ಚಿದ ಪಕ್ಷದಲ್ಲಿ ಪೈಲಟ್ ಅಥವಾ ಜಾಮೀನುದಾರರಿಂದ ಯಾವ ಬಾಕಿಯೂ ಬರತಕ್ಕದ್ದಲ್ಲ.’ ಅಪ್ಪ ನಿಲ್ಲಿಸಿದ. ಅದೇ ಸಾಲನ್ನು ಇನ್ನೊಮ್ಮೆ ಓದಿದ.

ಹೊಸ ಸಮವಸ್ತ್ರದ ಅಳತೆ ಕೊಡಲು ಬಂದಿದ್ದ ಗೊರಕೆ ಬಾಗಿಲ ಬಳಿ ಯಾವಾಗಿನಿಂದ ನಿಂತಿದ್ದನೋ. ಇಷ್ಟು ಎಚ್ಚರವಾಗಿ ಅವನನ್ನು ನಾನು ನೋಡಿದ್ದೇ ಇಲ್ಲ.

“ಅಂಕಲ್,” ಎಂದ. “ಈ ಸಾಲು ನನ್ ಕಾಗದದಲ್ಲೂ ಇದ್ಯಾ?”

ಅಪ್ಪ ಬೆರಳು ತೆಗೆಯಲಿಲ್ಲ. ತಲೆ ಮಾತ್ರ ಎತ್ತಿದ. “ನೀನು ನೋಡ್ಲಿಲ್ವಾ?”

“ಇಲ್ಲ.”

“ಹೋಗಿ ತಗೊಂಡ್ ಬಾ. ಇದು ಮುಗೀಲಿ, ನಿಂದೂ ಓದೋಣ.”

ಗೊರಕೆ ಓಡಿದ. ಮ್ಯಾನೇಜರ್ ಕಣ್ಣುಮುಚ್ಚಿ ಹಣೆ ಒತ್ತಿಕೊಂಡರು. ಇನ್ನೂ ಹದಿನೆಂಟು ಪುಟ ಉಳಿದಿತ್ತು. ನಾನು ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡು ಪುಟ ಮಗುಚಿದೆ.